ಪಟ್ಟಿ

ಮೇಯರಮ್ಮನ ಪಟ್ಟಿಗೆ ಇಸ್ತ್ರಿ ಹಾಕುವವನು ನಾನು.
ಹಸಿರು, ಬಿಳಿ, ಕೆಂಪು; ಬಲ ಹೆಗಲಿನಿಂದ ಎಡ ಸೊಂಟಕ್ಕೆ.
ಮದುವೆ ಮಾಡಿಸುವಾಗ ತೊಡುತ್ತಾರೆ, ಸೇತುವೆ ತೆರೆಯುವಾಗ,
ಹಳೇ ಯುದ್ಧದಲ್ಲಿ ಸತ್ತವರಿಗೆ ಹೂವಿಡುವಾಗ.
ಈ ಸಲ ಕಾರ್ಖಾನೆಯ ಗೇಟಿಗೆ ತೊಟ್ಟುಹೋದರು,
ಕೆಲಸದವರ ಜೊತೆ ಮೂರು ಗಂಟೆ ಸರಳಿಗೊರಗಿ ನಿಂತರು.
ಬಿಳಿಯ ಮೇಲೆ ತುಕ್ಕಿನ ಗೆರೆ.
ನಿಂಬೆರಸ ಹಚ್ಚಿದೆ, ಉಪ್ಪು ಉಜ್ಜಿದೆ,
ಬಿಡಲಿಲ್ಲ.

ಇನ್ನೊಂದು ಪಟ್ಟಿ ಬಂದದ್ದು ಶುಕ್ರವಾರ,
ಸಂಜೆ ಐದೂ ಹನ್ನೆರಡಕ್ಕೆ, ಕಂಪ್ಯೂಟರಿನಲ್ಲಿ.
ನಾನೂರ ಮೂವತ್ತೊಂದು ಹೆಸರು, ಅಕಾರಾದಿಯಾಗಿ.
ಬೆಲ್ಫಿಯೋರಿ ಅಣ್ಣತಮ್ಮಂದಿರು ಅಕ್ಕಪಕ್ಕ,
ರಬಾತಿನಿಂದ ಬಂದ ಬುಷ್ರಾ, ಅವಳ ಗಂಡ,
ಇನ್ನೆರಡು ತಿಂಗಳಿಗೆ ನಿವೃತ್ತನಾಗಬೇಕಿದ್ದ ಲಿಬೆರೋ.
ನೂರ ಎಂಬತ್ತೆಂಟನೆಯವಳು ನನ್ನ ಹೆಂಡತಿ ಫಿಯೊರೆಂಜಾ:
ಬಟ್ಟೆ ಒಗೆಯುವ ಯಂತ್ರದ ಬಾಗಿಲಿಗೆ
ಇಪ್ಪತ್ತೆರಡು ವರ್ಷ ರಬ್ಬರಿನ ಬಳೆ ಕೂರಿಸಿದವಳು,
ಒಂದು ಹನಿ ಸೋರದ ಹಾಗೆ.

ಕಾಸ್ತೆಲ್ ಮೊರ್ರೊ ಬೆಟ್ಟದ ಮೇಲಿನ ಸಣ್ಣ ಊರು.
ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕಿಟಕಿ ಮುಚ್ಚುತ್ತಾರೆ.
ಊರೆಲ್ಲ ಕೇಳಿತು: ಮೇಯರು ಏನು ಮಾಡಬಲ್ಲರು?
ದೊರೀನಾ ಬಲ್ದೂಚ್ಚಿ ನಿಯಮದ ಪುಸ್ತಕ ತೆರೆದರು.
ಚರಂಡಿ ಇತ್ತು. ಬೀದಿದೀಪ ಇತ್ತು.
ಗೋರಿಯ ಬಾಡಿಗೆ ಇತ್ತು.
ನಾಯಿಗೆ ಕಟ್ಟುವ ಹಗ್ಗ ಎಷ್ಟುದ್ದ ಎಂಬುದಿತ್ತು.
ಕೆಲಸ ಎಂಬ ಪದ
ರಸ್ತೆ ಅಗೆಯುವ ಪುಟದಲ್ಲಿ ಮಾತ್ರ.

ದೂರದ ಮುಖ್ಯ ಕಚೇರಿಗೆ ಫೋನು ಮಾಡಿದರು,
ನಲವತ್ತು ನಿಮಿಷ ಪಿಟೀಲು ಕೇಳಿದರು.
ಶಾಲೆಯ ಮಕ್ಕಳ ಊಟದ ಶುಲ್ಕ ಮಾಫಿ ಮಾಡಿದರು.
ಬೆಳಗಿನ ನಾಲ್ಕೂ ಐವತ್ತಕ್ಕೊಂದು ಬಸ್ಸು ಬಿಟ್ಟರು,
ಕಣಿವೆಯಾಚೆಯ ಗೋದಾಮಿಗೆ.
ಆರು ಮಂದಿಗೆ ಉದ್ಯಾನದಲ್ಲಿ ಕೆಲಸ;
ಬೇಲಿಯಾಚೆ ನಿಂತು ಮಿಕ್ಕವರು ನೋಡಿದರು.
ಕಾರ್ಖಾನೆ ದಾರಿಯ ಹದಿನಾಲ್ಕು ದೀಪ ಆರಿಸಕೂಡದೆಂದರು.
ಯಾರೂ ನಡೆಯದ ದಾರಿಗೆ ಯಾಕಮ್ಮ, ಅಂದೆ.
"ಕತ್ತಲಾಗಲು ಬಿಟ್ಟರೆ ಒಪ್ಪಿಕೊಂಡಂತೆ" ಅಂದರು.

ಬಾರಿನಲ್ಲಿ ಎತ್ತೊರೆ ಗ್ಲಾಸು ಕುಟ್ಟಿದ:
"ಹೊಟ್ಟೆಗೆ ಹಿಟ್ಟಿಲ್ಲ, ಹೆಗಲಿಗೆ ರೇಷ್ಮೆ!"
ತಪ್ಪೆನ್ನಲಾರೆ.
ಆದರೆ ಗಾಯಕ್ಕೆ ಕಟ್ಟುವುದೂ ಪಟ್ಟಿಯೇ ಅಲ್ಲವೆ,
ರಕ್ತ ನಿಲ್ಲುತ್ತದೋ ಇಲ್ಲವೋ
ಕಟ್ಟುತ್ತೇವೆ.

ಆಮೇಲೆ ಕೋಟು ತೊಟ್ಟವರು ಬಂದು ನಕ್ಷೆ ಬಿಚ್ಚಿದರು.
ಕಾರ್ಖಾನೆ ಕೆಡವಿ ಸೂಪರ್ ಮಾರ್ಕೆಟ್ಟು,
ಅರವತ್ತು ಕೆಲಸ, ಅರ್ಧ ದಿನದವು.
ಬೇಕಾದ್ದು ಭೂಪರಿವರ್ತನೆಗೆ ಒಂದು ಸಹಿ.
ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಡಗಿತ್ತು
ಮೇಯರಿಗಿದ್ದ ಒಂದೇ ಅಧಿಕಾರ:
ಇಲ್ಲ ಎನ್ನುವುದು.
ಸಹಿ ಬೀಳದಿದ್ದರೆ ಯಂತ್ರದ ನೆಲ ಯಂತ್ರದ್ದೇ,
ಮಾರಿದರೆ ಯಂತ್ರ ನಡೆಸುವವರಿಗೇ ಮಾರಬೇಕು.
ಅಂಥವರು ಬರುತ್ತಾರೆಯೆ? ಯಾವ ವರ್ಷ?
ಅಲ್ಲಿಯ ತನಕ ಅರವತ್ತು ಒಲೆಗಳಿಗೆ
ಕಾಯಿರಿ ಎನ್ನುವವರು ಯಾರು?

ನಿನ್ನೆ ರಾತ್ರಿ ಅವರ ಪೆನ್ನು ನನ್ನ ಜೇಬಿಗಿಟ್ಟರು.
"ಗಾಸ್ತೋನೆ, ಸೋಮವಾರ ನಾನು ಕೇಳಿದರೆ
ಇಂಕಿಲ್ಲ ಅನ್ನು."
ನಕ್ಕರೇನೋ. ಮೊಗಸಾಲೆಯ ದೀಪ ಆಗಲೇ ಆರಿಸಿದ್ದೆ.

ಇವತ್ತು ಭಾನುವಾರ.
ಅಂಗಿ ಒಗೆಯಲು ಜೇಬು ತಡಕಿದ ಫಿಯೊರೆಂಜಾ
ಪೆನ್ನು ತೆಗೆದು, ಮುಚ್ಚಳ ಬಿಚ್ಚಿ,
ಅಂಗೈಯಲ್ಲೊಂದು ಗೆರೆ ಎಳೆದಳು.
ನೀಲಿ. ಚೆನ್ನಾಗಿಯೇ ಮೂಡಿತು.
ನಾನು ಅವಳ ಮುಖ ನೋಡಿದೆ, ಅವಳು ಗೆರೆ ನೋಡಿದಳು.
ಏನೂ ಅನ್ನದೆ ಪೆನ್ನು ಮೇಜಿನ ಮೇಲಿಟ್ಟು
ಯಂತ್ರಕ್ಕೆ ಬಟ್ಟೆ ತುಂಬಿದಳು, ಬಾಗಿಲೊತ್ತಿ
ರಬ್ಬರಿನ ಸುತ್ತ ಬೆರಳಾಡಿಸಿದಳು, ವಾಡಿಕೆಯಂತೆ.

ಹನಿಯೂ ಸೋರಲಿಲ್ಲ.
ನಾನು ಇಸ್ತ್ರಿ ಬಿಸಿಗಿಟ್ಟೆ.