ಬಿಸಿಸಾರು

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಮೂರನೇ ಕಿಟಕಿ ನನ್ನದು.
ಹೆಸರು, ವಯಸ್ಸು, ಊರು, ಏನಾಗಿದೆ,
ನಾಕು ಮಾತು ಕೇಳಿ ಚೀಟಿ ಹರಿದು ಕೊಡುವುದು.
ಒಂಬತ್ತಕ್ಕೆ ಶುರುವಾದರೆ ಹನ್ನೊಂದರ ಹೊತ್ತಿಗೆ
ಸಾಲು ಗೇಟಿನ ಎಳನೀರಿನವನನ್ನು ಮುಟ್ಟಿರುತ್ತದೆ.
ಫ್ಯಾನು ನನ್ನ ಕಡೆಗಿಲ್ಲ.
ಇದನ್ನು ನೆಪಕ್ಕೆ ಹೇಳುತ್ತಿಲ್ಲ.
ನೆಪವೇ ಇರಬಹುದು.

ಒಂದು ಸೋಮವಾರ
ಎಡಗೈಗೆ ಬಾಳೆಲೆ ಸುತ್ತಿಕೊಂಡು ಬಂದ.
ಎಲೆಯಂಚಿನಿಂದ ನೀರೋ ಕೀವೋ, ಜೊತೆಗೆ ಸಿಹಿ ವಾಸನೆ.
ಆಲೆಮನೆಯವನು ಅಂತ ಮೂಗಿಗೇ ಗೊತ್ತಾಯಿತು.
'ಹೆಸರು?'
'ಬಿಸೇಸರ್.'
'ಏನು?'
'ಬಿಸೇಸರ್, ಮೇಡಮ್.'
ನಾನಂದೆ: 'ಬಿಸಿಸಾರಾ? ಮುದ್ದೆ ಎಲ್ಲಪ್ಪ?'

ಸಾಲು ನಕ್ಕಿತು.
ಕಂಕುಳಲ್ಲಿ ಕೂಸಿದ್ದ ಬಾಣಂತಿ ನಕ್ಕಳು,
ಡಯಾಲಿಸಿಸ್ಸಿನ ಮೇಷ್ಟರು ನಕ್ಕರು,
ಬೆಳಿಗ್ಗೆಯಿಂದ ಗಂಟಲು ಹರಕೊಳ್ಳುತ್ತಿದ್ದ
ಸೆಕ್ಯೂರಿಟಿ ಪುಟ್ಟಮಾದನೂ ನಕ್ಕ.
ಅವನೂ ನಕ್ಕ,
ಬಾಡಿಗೆ ಮನೆಯವನು ಮಾಲೀಕನ ಮಗುವಿಗೆ ನಗುವ ಹಾಗೆ.
ಪಾಪ, ಅರ್ಥವಾಗಿಲ್ಲ ಅಂದುಕೊಂಡೆ.
ಊರಿನ ಕಾಲಮ್ಮಿನಲ್ಲಿ 'ಹಿಂದಿ' ಅಂತ ಬರೆದೆ.
ಆ ಊರು ಯಾವ ಜಿಲ್ಲೆಯಲ್ಲಿದೆಯೋ.

ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಸರದಿ
ಮೂರು ಸಲ ಹಿಂದೆ ಹೋಯಿತಂತೆ.
ಯಾರೂ ಬಯ್ಯಲಿಲ್ಲ, ಯಾರೂ ದಬ್ಬಲಿಲ್ಲ.
'ನೀನಿರು' ಅಂದರಂತೆ, ಅಷ್ಟೆ.
ಗುರುವಾರ ಪಟ್ಟಿ ಬಿಚ್ಚಿಸಲು ಬರಬೇಕಿತ್ತು.
ಬರದವರ ಲೆಕ್ಕಕ್ಕೆ ನಮ್ಮ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ತಿಂಗಳ ಮೇಲೆ, ಅಕ್ಕನ ಮಗಳ ಸೀಮಂತಕ್ಕೆ ಬೆಲ್ಲ ತರಲು
ಪಾಂಡವಪುರದ ಹಾದಿಯ ಆಲೆಮನೆಗೆ ಹೋದೆ.
ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು.
ಒಲೆಗೆ ರಚ್ಚು ನೂಕುತ್ತಿದ್ದವನು ಅವನೇ,
ಬಲಗೈಯೊಂದರಲ್ಲೇ.
ಎಡಗೈಯನ್ನು ಎದೆಗೆ ಆನಿಸಿಕೊಂಡಿದ್ದ
ಕೋಳಿಮರಿ ಹಿಡಿದ ಹಾಗೆ.
ಎರಡು ಬೆರಳು ಕೂಡಿಕೊಂಡು ಒಂದಾಗಿದ್ದವು.
ಸುಣ್ಣದ ತಿಳಿ, ಅರಿಸಿನ, ಯಾರೋ ಹೇಳಿದ ಎಣ್ಣೆ.

'ಎಷ್ಟ್ ಹೇಳುದ್ರೂ ಹೋಗ್ನಿಲ್ಲ ಕಣವ್ವ,
ಇವ್ರಿಗೆ ಆಸ್ಪತ್ರೆ ಅಂದ್ರೆ ಭಯ' ಅಂದರು ಮಾಲೀಕರು.
ನಾಕು ವರ್ಷದಿಂದ ಇಲ್ಲೇ ಇರುವವನು
ತಿರುಗಿ ನೋಡಿ, ಗುರುತು ಹಿಡಿದು,
ನಮ್ಮ ಮಾತಲ್ಲೇ ಮೆತ್ತಗೆ ಹೇಳಿದ:
'ಭಯ ಇಲ್ಲ ಮೇಡಮ್.
ಉರಿ ಇಲ್ಲೂ ಅದೆ, ಅಲ್ಲೂ ಅದೆ.
ಇಲ್ಲಿ ಯಾರೂ ನಗಾಕಿಲ್ಲ.'

ಅಂದರೆ ಅವತ್ತೇ ತಿಳಿದಿತ್ತು ಅವನಿಗೆ.
ಸಾರು, ಮುದ್ದೆ, ಎಲ್ಲ.
ತಿಳಿದೇ ನಕ್ಕಿದ್ದ.

ನಮ್ಮಪ್ಪ ಬಾಂಬೆಯ ಕ್ಯಾಂಟೀನಿನಲ್ಲಿ
ಇಪ್ಪತ್ತೆರಡು ವರ್ಷ ತಟ್ಟೆ ತೊಳೆದವನು.
ಕೊರೋನಾದಲ್ಲಿ ಲಾರಿ ಹತ್ತಿ ಕೆ.ಆರ್. ಪೇಟೆಗೆ ಬಂದಿಳಿದಾಗ
ಹುಟ್ಟಿದೂರೇ ಅವನಿಗೆ ಹೊಸ ಹೆಸರಿಟ್ಟಿತು: ಬಾಂಬೆ.
ಹಾಸ್ಟೆಲ್ಲಿನ ಬಾಗಿಲಾಚೆ ಅನ್ನ ಇಟ್ಟು
ಬಕೆಟ್ಟು ಬಡಿದು ಕರೆಯುತ್ತಿದ್ದರು.
ಆಮೇಲೆ ಎದೆ ಹಿಡಿದುಕೊಂಡಾಗ ಆಸ್ಪತ್ರೆಗೆ ಹೋಗೋಣ ಅಂದರೆ
'ನಾಳಿಕ್ ನೋಡಾನ' ಅಂದ.
ಹನ್ನೊಂದು ದಿನ ಹಾಗೇ ಅಂದ.
ಸಾವಿನ ಕಾಗದದಲ್ಲಿ 'ಹೃದಯಾಘಾತ' ಅಂತ ಬರೆದುಕೊಟ್ಟರು.
ಆ ಕಾಗದವನ್ನು ನಾನು
ಆಲೆಮನೆಯ ಹೊಗೆಯಲ್ಲಿ ನಿಲ್ಲುವ ತನಕ ನಂಬಿದ್ದೆ.

'ಬನ್ನಿ, ನಾನೇ ಕರಕೊಂಡು ಹೋಗಿ ತೋರಿಸ್ತೀನಿ' ಅಂದೆ.
'ಪಾಕ ಇಳಿಸೋ ಹೊತ್ತು' ಅಂದ.
ಬೆಲ್ಲದ ಚೀಲ ಅವನೇ ಗಾಡಿಗೆ ಕಟ್ಟಿಕೊಟ್ಟ,
ಗಂಟು ಹಾಕುವಾಗ ಹಗ್ಗದ ತುದಿ ಹಲ್ಲಲ್ಲಿ ಹಿಡಿದು.

ಈಗ ಕಿಟಕಿಯಲ್ಲಿ ಹೆಸರು ಸರಿಯಾಗಿ ಕೇಳಿಸದಿದ್ದರೆ
ಇನ್ನೊಂದು ಸಲ ಕೇಳುತ್ತೇನೆ.
ಸಾಲು ಗೊಣಗುತ್ತದೆ. ಗೊಣಗಲಿ.
ಮೊನ್ನೆ ಬಿಡುವಾದಾಗ ಹಳೇ ರಿಜಿಸ್ಟರು ತೆಗೆದು
'ಹಿಂದಿ'ಯನ್ನು ಹೊಡೆದುಹಾಕಲು ಪೆನ್ನು ಹಿಡಿದೆ.
ಹೊಡೆದುಹಾಕಿ ಏನು ಬರೆಯಲಿ?
ಅವನ ಊರು ಯಾವುದು ಅಂತ
ಆಲೆಮನೆಯಲ್ಲೂ ನಾನು ಕೇಳಿರಲಿಲ್ಲ.