ನೂರಾ ಹದಿನೆಂಟು ಕಡಿಮಿ

ಸುತ್ತೋಲಿ ಮೂರೇ ಸಾಲಿಂದು:
ಊರು ಎಷ್ಟು ಕೂಡಸ್ತದೋ ಅಷ್ಟು ಸರ್ಕಾರ ಕೂಡಸ್ತದ,
ಹತ್ತು ಲಕ್ಷಕ್ಕ ಒಂದು ರೂಪಾಯಿ ಕಡಿಮಿ ಆಗಬಾರದು,
ಮಾರ್ಚ್ ಮೂವತ್ತೊಂದು ದಾಟಬಾರದು.
ಕೆಳಗ ಸಹಿ, ಯಾರದೂ ಅಲ್ಲದಂಥಾದ್ದು.

ನಾನು ಇಳಕಲ್ಲ ನಗರಸಭೆಯ ಎರಡನೇ ದರ್ಜೆ ಗುಮಾಸ್ತ.
ಮನಿ ನಿಧಿಯ ವಹಿ ನನ್ನ ಟೇಬಲ್ಲಿಗೆ ಬಂತು
ಉಳಿದವರೆಲ್ಲಾ ಒಲ್ಲೆ ಅಂದ ಮ್ಯಾಲೆ.

ಹಾಕಿದವರನ್ನ ಒಬ್ಬೊಬ್ಬರನ್ನೂ ಬಲ್ಲೆ.
ಖಾಣಿಯ ಮಾಲಕರು ಕೊಟ್ಟರು, ಫೋಟೋ ತಗಸಿಕೊಂಡು.
ಕೆಂಪು ಕಲ್ಲಿಗೆ ಪಾಲಿಶ್ ಹಿಡಿಯೋ ಹುಡುಗರು ಒಂದಿನದ ಪಗಾರ ಕೊಟ್ಟರು,
ಬೆರಳ ಸಂದ್ಯಾಗಿನ ಕಲ್ಲಹಿಟ್ಟಿನ ಸಮೇತ.
ಬಣ್ಣದ ಭಟ್ಟಿಯ ಖಾಜೇಸಾಬ ಕೊಟ್ಟ ನೋಟು ನೀಲಿಯಾಗಿತ್ತು,
ಬ್ಯಾಂಕಿನಾಕಿ ಎರಡು ಸಲ ಬೆಳಕಿಗೆ ಹಿಡಿದಳು.
ಗಿರಮಿಟ್ಟಿನ ಗಾಡಿಯಿಂದ ಚಿಲ್ಲರ,
ಎಣಿಸಿ ಕೈ ತೊಳಕೊಂಡೆ, ಎಣ್ಣಿ ಹೋಗಲಿಲ್ಲ.

ಮತ್ತ ತುಳಸಾಬಾಯಿ ಕಾಟವಾ.
ಕೊಂಡಿ ಹಾಕಾಕಿ.
ಒಡಲಿನ ನೂಲಿಗೆ ಸೆರಗಿನ ರೇಷ್ಮಿ,
ಒಂದಕ್ಕೊಂದು, ಒಂದಕ್ಕೊಂದು, ಸಾವಿರಗಟ್ಟಲೆ,
ಕಣ್ಣು ಮುಚ್ಚಿದರೂ ಬೆರಳು ಮುಚ್ಚಂಗಿಲ್ಲ.
ಟೋಪತೆನಿ ಸೆರಗು ಎಷ್ಟೋ ಮಂದಿಯ ಹೆಗಲೇರಿ ಹೋತು,
ಆಕಿ ಮಾತ್ರ ಐವತ್ತು ವರ್ಷ ಮಂದಿ ಪಡಸಾಲ್ಯಾಗ ಬಾಡಿಗಿ.
ಹತ್ತು ಸೀರಿಯ ಕೂಲಿ ತಂದು ನನ್ನ ಮುಂದ ಇಟ್ಟು
"ರಸೀದಿ ಸೊಸಿ ಹೆಸರಲೆ ಬರಿ" ಅಂದಳು.

ಇಪ್ಪತ್ತೊಂಬತ್ತಕ್ಕ ಪೂರಾ ಕೂಡಿತು.
ಡಿ.ಡಿ. ತಗಸಿ ಕಳಿಸಿದೆ, ಗುಡಿಗೆ ಹೋಗಿ ಕಾಯಿ ಒಡಿಸಿದೆ.
ಬ್ಯಾಂಕು ತನ್ನ ಶುಲ್ಕ ಅದರಾಗ ಮುರಕೊಂಡಿತ್ತು:
ಶುಲ್ಕ ನೂರು, ಅದರ ಮ್ಯಾಲೆ ತೆರಿಗಿ ಹದಿನೆಂಟು.
ನಾನು ನೋಡಲಿಲ್ಲ.
ಮಾರ್ಚಿನಾಗ ಯಾರು ಏನು ನೋಡ್ತಾರ.

ಏಪ್ರಿಲ್ಲಿನ ಬಿಸಿಲಾಗ ಕಡತ ಹೊಳ್ಳಿ ಬಂತು.
"ಸ್ಥಳೀಯ ಪಾಲು ಪೂರ್ಣಗೊಂಡಿರುವುದಿಲ್ಲ.
ಸಮಪಾಲು ಪರಿಗಣಿಸಲು ಅವಕಾಶವಿರುವುದಿಲ್ಲ."
ಆ ಹದಿನೆಂಟು ನಿಮ್ಮದೇ ಅಲ್ಲೇನ್ರಿ,
ನಿಮ್ಮ ಕಿಸೆದಾಗ ಕುಂತೈತಿ, ತಡವಿ ನೋಡ್ರಿ
ಅಂತ ಬರದೆ.
ಹರದೆ.
"ಮಾನ್ಯರೇ, ದಯವಿಟ್ಟು" ಅಂತ ಬರದೆ.

ಆಕಿಗೆ ಹೇಳಾಕ ಹೋದೆ.
ಮೊಣಕಾಲಿನ ಮ್ಯಾಲೆ ಎಳಿ ಹರವಿಕೊಂಡು ಕುಂತಿದ್ದಳು,
ಈ ಕಡೆ ಕಪ್ಪು, ಆ ಕಡೆ ಕೆಂಪು.
"ಎಷ್ಟು ಕಡಿಮಿ?"
"ನೂರಾ ಹದಿನೆಂಟು."
ನಕ್ಕಳು, ಎಲಿ ಅಡಿಕಿ ನೆತ್ತಿಗೇರುವಷ್ಟು.
"ನಂಗೂ ಎಳಿ ಕಡಿಮಿ ಬೀಳ್ತಾವ.
ಎರಡಕ್ಕ ಒಂದು ಕೊಂಡಿ ಹಾಕ್ತೀನಿ.
ಉಟ್ಟಾಕಿಗೆ ತಿಳಿಯಂಗಿಲ್ಲ, ನನಗ ತಿಳೀತದ.
ಅಷ್ಟಕ್ಕ ಸೀರಿ ನಿಂದ್ರಸ್ತಾರೇನೋ, ಹುಚ್ಚಪ್ಯಾಲಿ?"
ಸೊಂಟದ ಚೀಲ ಬಿಚ್ಚಿ ನೂರರದೊಂದು ಇಪ್ಪತ್ತರದೊಂದು ಕೊಟ್ಟು
ಅಂಗೈ ಚಾಚಿದಳು:
"ಎರಡು ರೂಪಾಯಿ ಹೊಳ್ಳಿ ಕೊಡು."
ನನ್ನ ಹತ್ರ ಚಿಲ್ಲರ ಇರಲಿಲ್ಲ.

ಹಳೇ ವರ್ಷದ ವಹಿ ಮುಚ್ಚಿತ್ತು.
ಯಾವ ಲೆಕ್ಕದಾಗ ಬರೀಲಿ ಈ ನೂರಾ ಹದಿನೆಂಟು?
"ಇತರೆ" ಅಂತ ಬರದೆ, ಹೊಡದು ಹಾಕಿದೆ,
ಮತ್ತ "ಇತರೆ" ಅಂತಲೇ ಬರದೆ.

ಹುನಗುಂದದ ಹಾದಿಗೆ ಜಾಗಾ ಐತಿ.
ಸುಣ್ಣದಲೆ ಗೀಟು ಹಾಕಿ ಬಂದೇವಿ,
ಗಾಳಿಗೆ ಅರ್ಧ ಹಾರಿ ಹೋಗೈತಿ.
ಮೊನ್ನೆ ಆಕಿನ್ನ ಬೈಕಿನ ಮ್ಯಾಲೆ ಕರಕೊಂಡು ಹೋಗಿದ್ದೆ.
ಒಂದು ಚೌಕದಾಗ ನಿಂತು ಹಿಮ್ಮಡಿಲೆ ಕೆರದಳು:
ಇದು ಮಗ್ಗದ ಕುಣಿ, ಸೊಸಿ ಕಾಲು ಇಲ್ಲಿ ಇಳೀತಾವ,
ಬೆಳಕು ಈ ಕಡಿಂದ ಬರಬೇಕು.
ನಕಾಶಿದಾಗ ಕುಣಿ ಇಲ್ಲಬೇ ಅಂದೆ,
ಹಾಲ್ ಐತಿ, ಅಡಗಿಮನಿ ಐತಿ, ಪಾಯಖಾನಿ ಐತಿ.
"ಎಷ್ಟು ಕಾಗದ ಬರೀತಿ ನೀನು,
ಅದೊಂದು ಬರಿ."

ಬರದೀನಿ. ಉತ್ತರ ಬಂದಿಲ್ಲ.
ಸಂತಿ ದಿನ ಎದುರಿಗೆ ಸಿಕ್ಕರ ಮನಿ ಸುದ್ದಿ ತೆಗ್ಯಂಗಿಲ್ಲ,
ಅಂಗೈ ಚಾಚತಾಳ.
ಎರಡು ರೂಪಾಯಿ.