ರಸಮಟ್ಟ

ಮೇಸ್ತ್ರಿ ಬೆಲರ್ಮಿನೊ ಅವರ ಬಲಗಣ್ಣಿನೊಳಗೆ
ಡಾಕ್ಟರು ಒಂದು ಗುಳ್ಳೆ ಬಿಟ್ಟಿದ್ದರು.
ಅಂಟು ಬಿಟ್ಟ ಬಿಲ್ಲೆಯಂತೆ ಕಳಚಿಕೊಂಡ ಒಳಪದರವನ್ನು
ಹಿಂದಿನ ಗೋಡೆಗೆ ಒತ್ತಿ ಹಿಡಿಯಲು
ಗಾಳಿಯ ಗುಳ್ಳೆ.
ಹತ್ತು ದಿನ ಎಡಗೆನ್ನೆ ದಿಂಬಿಗೆ. ಅಲುಗುವ ಹಾಗಿಲ್ಲ.

ನಲವತ್ತು ವರ್ಷ ಪೋರ್ತೊ ಊರಿನ ಗೋಡೆಗಳ ಮೇಲೆ
ಗುಳ್ಳೆಯನ್ನು ನಡುವಿಗೆ ತಂದು ನಿಲ್ಲಿಸಿದ ಕೈ ಅದು.
'ಈಗ ನಾನೇ ರಸಮಟ್ಟ' ಎಂದು ನಗುತ್ತಿದ್ದರು.
ನಗಬೇಡಿ, ಅಲುಗುತ್ತದೆ, ಎಂದು
ಅಡುಗೆಮನೆಯಿಂದಲೇ ಗದರುತ್ತಿದ್ದರು ದೋನಾ ದೆಯೊಲಿಂದಾ.

ದಿನವೂ ಸಂಜೆ, ಕೈಯ ಗಾರೆ ತೊಳೆಯದೆ,
ನದಿಯಿಂದ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಬರುತ್ತಿದ್ದೆ
ಆವತ್ತು ಕೂರಿಸಿದ ನೀಲಿ ಬಿಲ್ಲೆಗಳ ಫೋಟೋ ತೋರಿಸಲು.
ದೋನಾ ಅವರದೇ ಟ್ಯಾಬ್ಲೆಟ್ಟು. ಮೂಲೆಯಲ್ಲಿ ಹಿಟ್ಟಿನ ಬೆರಳಚ್ಚು.

ಅವರ ಮುಖಕ್ಕೆ ಸರಿಯಾಗಿ ಅಡ್ಡ ಹಿಡಿದರೆ
ಗೋಡೆ ಎದ್ದು ನಿಲ್ಲುತ್ತಿತ್ತು.
ಉದ್ದಕ್ಕೆ ಹಿಡಿದರೆ, ಆಗಲೂ ಎದ್ದು ನಿಲ್ಲುತ್ತಿತ್ತು,
ಮೇಷ್ಟ್ರು ಒಳಗೆ ಬಂದ ತರಗತಿಯ ಹಾಗೆ.
ಮಲಗಿದ ಕಣ್ಣಿಗೆ
ನಿಂತ ಗೋಡೆಯೆಂದರೆ ಬಿದ್ದ ಗೋಡೆ.

'ಯಾವುದು ಮೇಲೆ ಯಾವುದು ಕೆಳಗೆ ಅಂತ ಇದಕ್ಕೆ ಹೇಳಿದವರು ಯಾರು?'
'ಒಳಗೊಂದು ತೂಗುಗುಂಡು ಇದೆಯಂತೆ ಮೇಸ್ತ್ರಿ, ಧೂಳಿನ ಕಣದಷ್ಟು.
ಭೂಮಿ ಎಳೆದತ್ತಲೇ ಅದರ ಲಕ್ಷ್ಯ.'
'ನಿನ್ನ ಹಾಗೆ, ಇದಲಿನೊ. ಕಲಿತದ್ದು ಒಂದೇ ಪಾಠ.'

ಮಂಡಿಯೂರಿದೆ, ಕೈ ತಿರುಚಿದೆ,
ಮಂಚದ ಪಕ್ಕ ನೆಲದ ಮೇಲೆ ಮಲಗಿಯೂ ನೋಡಿದೆ.
ಕೊನೆಗೆ ಮೇಲಂಚಿನಿಂದ ಬೆರಳು ಎಳೆದಾಗ
ಇಳಿದು ಬಂತು ಪುಟ್ಟ ಗುರುತುಗಳ ಸಾಲು:
ವಿಮಾನ, ಚಂದ್ರ, ಗಂಟೆ,
ಸುತ್ತಿ ಬಂದ ಬಾಣದ ಹೊಟ್ಟೆಯಲ್ಲೊಂದು ಬೀಗ.
ಒತ್ತಿದೆ.
ಚಾವಿ ಬೇಡದ ಬೀಗ. ಸದ್ದೂ ಇಲ್ಲ.

ಈಗ ಅಡ್ಡ ಹಿಡಿದರೆ ಗೋಡೆಯೂ ಅಡ್ಡ ಮಲಗಿತು,
ಅದೇ ದಿಂಬಿಗೆ ಕೆನ್ನೆ ಕೊಟ್ಟು.
ಇಬ್ಬರೂ ಮುಖಾಮುಖಿ. ಬಹಳ ಹೊತ್ತು ಮಾತಿಲ್ಲ.
ಒಳಗೆ ಈರುಳ್ಳಿ ಹೆಚ್ಚುವ ಸದ್ದು.

'ಮೂರನೇ ಸಾಲು' ಎಂದರು. 'ಕಿಟಕಿಯ ಹತ್ತಿರ.'
'ರಸಮಟ್ಟ ಇಟ್ಟೇ ಕೂರಿಸಿದ್ದು. ಗುಳ್ಳೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.'
'ಗುಳ್ಳೆ ಸುಳ್ಳು ಹೇಳುವುದಿಲ್ಲ.
ಆದರೆ ಆ ಮನೆ ನೂರು ವರ್ಷದಿಂದ ನದಿಯ ಕಡೆ ವಾಲಿಕೊಂಡಿದೆ.
ಹೊಸ್ತಿಲು ವಾಲಿದೆ, ತೊಲೆ ವಾಲಿದೆ,
ಅಲ್ಲಿ ಉಣ್ಣುವ ಮುದುಕಿಯ ಸೂಪು ಕೂಡ ತಟ್ಟೆಯ ಒಂದೇ ಅಂಚಿಗೆ.
ಅಷ್ಟು ಜನ ವಾಲಿದವರ ನಡುವೆ ನೀನೊಬ್ಬ ನೆಟ್ಟಗೆ ನಿಂತರೆ
ಸೊಟ್ಟ ಕಾಣುವವನು ನೀನೇ.
ಕೀಳು. ಕಿಟಕಿಯನ್ನು ಕೇಳಿ ಕೂರಿಸು.'

ಮರುದಿನ ಹನ್ನೊಂದು ಬಿಲ್ಲೆ ಕಿತ್ತೆ. ಎರಡು ಒಡೆದವು.
ರಸಮಟ್ಟವನ್ನು ಬಕೆಟ್ಟಿನ ಹಿಂದೆ ಬಚ್ಚಿಟ್ಟು,
ಕಳ್ಳನ ಹಾಗೆ, ಓರೆಗೆ ಓರೆ ಸೇರಿಸಿದೆ.

ಎದ್ದು ಕೂರಲು ಬಿಟ್ಟ ದಿನ ಮೇಸ್ತ್ರಿ ಹೇಳಿದರು:
ಮೇಲೆ ತೇಲುವ ಗುಳ್ಳೆ ಕಣ್ಣಿಗೆ ಕಾಣುವುದು ಕೆಳಗಂತೆ.
ಮೊದಲು ಅವರೆಕಾಳು, ಆಮೇಲೆ ಸಾಸಿವೆ,
ಒಂದು ಬೆಳಗ್ಗೆ ಅದೂ ಇಲ್ಲ.

ಬೀಗ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.
ಮೊನ್ನೆ ಹೋದಾಗ ಮೇಜಿನ ಮೇಲೆ
ಹಿಟ್ಟಿನ ಡಬ್ಬಕ್ಕೆ ಟ್ಯಾಬ್ಲೆಟ್ಟು ಅಡ್ಡಲಾಗಿ ಒರಗಿತ್ತು.
ಅದರೊಳಗೆ ಯಾರೋ ಹೆಂಗಸು ಅಡ್ಡಬಿದ್ದು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು.
'ಕೆಟ್ಟಿದೆ' ಎಂದರು ದೋನಾ ದೆಯೊಲಿಂದಾ, 'ತಿರುಗುವುದೇ ಇಲ್ಲ.'
ಕತ್ತು ವಾಲಿಸಿಕೊಂಡೇ ತಾವೂ ನಾದುತ್ತಿದ್ದರು,
ಹಾಗೇ ಅಭ್ಯಾಸವಾದವರಂತೆ.

ಸರಿಮಾಡುವುದು ನನಗೆ ಗೊತ್ತಿತ್ತು.
ಬೆರಳು ಚಾಚಿದವನು, ಯಾಕೋ,
ಕೈ ತೊಳೆದಿಲ್ಲ ಎಂದುಕೊಂಡು ಸುಮ್ಮನಾದೆ.